ಕಾಲಿಗೆ ತಕ್ಕ ಸೈಕಲು

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ನಮ್ಮ ಹಿರಿಯರು ಹೇಳಿದ್ದು ಹಣದ ವಿಚಾರವಾಗಿ. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಾವು ಆ ಗಾದೆಯನ್ನು ಸೈಕಲ್ಲಿಗೂ ಅನ್ವಯಿಸಿಬಿಟ್ಟಿದ್ದೇವೆ. ಅಗ್ಗದಲ್ಲಿ ದೊರೆತ ಸೈಕಲನ್ನು ಕೊಳ್ಳುತ್ತೇವೆ. ಕಾಲು ಉದ್ದವಾಯಿತೆಂದರೆ ಕಾಲನ್ನೇ ಮಡಿಸಿಕೊಳ್ಳುತ್ತೇವೆ. ಹೀಗೆ ಉಳಿಸಿದ ಹಣವನ್ನು ಮುಂದೆ ಮೊಣಕಾಲು ಬಡ್ಡಿ ಸಹಿತ ತೆರಬೇಕಾಗುತ್ತದೆಂಬುದನ್ನು ವಾಚಕ ಸೋದರರಲ್ಲಿ ಬಿನ್ನವಿಸುವುದೇ ಇಂದಿನ ಲೇಖನದ ಉದ್ದೇಶ.

ಮಕರ ಸಂಕ್ರಾಂತಿಯ ದಿನಗಳಲ್ಲಿ ನಮಗೆ ಕಾಶೀಯಾತ್ರೆಯ ಭಾಗ್ಯ ಒದಗಿತ್ತು. ಮುಂಜಾನೆ ದರ್ಶನ ಮುಗಿಸಿ ವಿಶ್ವನಾಥ ಗಲ್ಲಿಯ ಮೂಲಕ ಹಿಂದಿರುಗುತ್ತಿದ್ದೆವು. 2021ರ ಡಿಸೆಂಬರ್ 13ರಂದು ವಿಶ್ವನಾಥ ಧಾಮ ಉದ್ಘಾಟನೆಯಾದ ಮೇಲೆ ಗಂಗೆಯ ಕಡೆಯಿಂದ ದೇವಾಲಯಕ್ಕೆ ವಿಶಾಲವಾದ ದಾರಿಯಾಗಿದೆ. ಆದರೆ ಬಳೆ, ಕುಂಕುಮ, ರುದ್ರಾಕ್ಷಿ, ಹಿತ್ತಾಳೆಯ ವಿಗ್ರಹ, ಮರದ ಆಟಿಕೆಗಳ ಅಂಗಡಿಗಳಿಂದ ಇಕ್ಕೆಲವೂ ಕಿಕ್ಕಿರಿದ ಗಲ್ಲಿ ಇಕ್ಕಟ್ಟಾಗಿಯೇ ಇದೆ. ಅಲ್ಲಿ ಸೈಕಲನ್ನು ತಳ್ಳಬಹುದೇ ಹೊರತು ಏರುವಂತಿಲ್ಲ.

ಗಲ್ಲಿಯ ಬಾಯಲ್ಲಿ ಒಬ್ಬ ಯುವಕ ಮೆಟ್ಟಿಲ ಮೇಲೆ ಕುಳಿತು ಮೊಣಕಾಲು ನೀವಿಕೊಳ್ಳುತ್ತಿದ್ದ. ಪಕ್ಕದಲ್ಲಿ ಅಕ್ಕಿ, ಉದ್ದಿನಬೇಳೆಯ ಚೀಲ ಹೇರಿದ ಸೈಕಲು. ಯಾರೊಡನೆಯೋ ಫೋನಿನಲ್ಲಿ ಕುಂದಾಪುರದ ಕನ್ನಡ ಆಡುತ್ತಿದ್ದುದನ್ನು ಕೇಳಿ ನಾವು ನಿಂತೆವು. ಸಮೀಪದ ದಕ್ಷಿಣದ ತಿಂಡಿಯ ಹೋಟೆಲಿನಲ್ಲಿ ಅವನಿಗೆ ಕೆಲಸ. ದಿನವೂ ಬೆಳಗ್ಗೆ ವಿಶ್ವೇಶ್ವರಗಂಜಿನ ಮಂಡಿಯಿಂದ ಮೈದಾಗಿನ್, ಚೌಕದ ಹಾದಿಯಾಗಿ ಸಾಮಾನು ತರಬೇಕು. ಎದ್ದು ನಿಂತಾಗ ಆರಡಿ ಎರಡಂಗುಲದ ಆಳು!

“ಮೊಣಕಾಲಿಗೆ ಏನಾಯಿತಪ್ಪಾ?” ಎಂದು ಕೇಳಿದೆವು.

“ಏನೋ ಧಣಿ, ಆರು ತಿಂಗಳಾಯಿತು. ಎಣ್ಣೆ ಹಚ್ಚಿ ಸಾಕಾಯಿತು. ಮೆಟ್ಟಿಲು ಇಳಿಯುವಾಗ ಜೀವ ಹೋಗುತ್ತದೆ. ಹೀಗೇ ಆದರೆ ಊರಿಗೆ ಹೋಗಬೇಕಷ್ಟೆ.”

ಸೈಕಲ್ಲನ್ನು ಏರಿ ತೋರಿಸೆಂದೆವು. ಪೆಡಲು ಮೇಲೆ ಬಂದಾಗ ಮೊಣಕಾಲು ಹ್ಯಾಂಡಲಿಗೆ ತಗಲುತ್ತಿತ್ತು. ಕೆಳಗೆ ಹೋದಾಗಲೂ ಕಾಲು ಅರ್ಧ ಮಡಿಚಿಯೇ ಇರುತ್ತಿತ್ತು. ಸೀಟು ತಗ್ಗಾದರೆ ಮಡಿಚಿದ ಮೊಣಕಾಲಿನ ಮುಂಭಾಗದ ಮೇಲೆಯೇ ಎಲ್ಲ ಭಾರವೂ ಬೀಳುತ್ತದೆ. ತೀರ ಎತ್ತರವಾದರೆ ಸೊಂಟ ಅತ್ತಿತ್ತ ಹೊರಳಿ, ಮೊಣಕಾಲಿನ ಹಿಂಭಾಗ ಸೆಳೆಯುತ್ತದೆ. ಇವೆರಡರ ನಡುವಣ ಎತ್ತರವನ್ನು ಕಂಡುಕೊಳ್ಳುವುದು ಕಷ್ಟವೇನಲ್ಲ.

ಬರಿಗಾಲಿನಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿರಿ. ಗಟ್ಟಿ ರಟ್ಟಿನ ಲೆಕ್ಕದ ಪುಸ್ತಕವೊಂದನ್ನು ಕಾಲುಗಳ ನಡುವೆ ಸಂದಿಯವರೆಗೂ ಮೇಲಕ್ಕೆ ಒತ್ತಿ ಹಿಡಿದು, ನೆಲದಿಂದ ಪುಸ್ತಕದ ಮೇಲಂಚಿನವರೆಗೆ ಅಳೆಯಿರಿ. ಇದೇ ಕಾಲಿನ ಅಳತೆ. ಹ್ಯಾಮ್ಲಿ, ಥಾಮಸ್ ಎಂಬ ಇಬ್ಬರು ಸಂಶೋಧಕರು 1967ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಕೆಳಗಿಳಿದ ಪೆಡಲಿನಿಂದ ಸೀಟಿನ ಮೇಲ್ಭಾಗದವರೆಗೆ ಈ ಅಳತೆಯ ನೂರಕ್ಕೆ 109ರಷ್ಟು ಅಂತರವಿದ್ದರೆ ತುಳಿತಕ್ಕೆ ಹೆಚ್ಚು ಬಲ. ಜನಸಂದಣಿಯಲ್ಲಿ ಪದೇ ಪದೇ ಕಾಲೂರಬೇಕಾದವರು ಅದಕ್ಕಿಂತ ಸ್ವಲ್ಪ ತಗ್ಗಿಸಿಕೊಳ್ಳಬಹುದು.

ನಮ್ಮ ಯುವಕನ ಕಾಲಿನ ಅಳತೆ 35 ಅಂಗುಲ. ಆದಕಾರಣ ಪೆಡಲಿನಿಂದ ಸೀಟಿಗೆ ಸುಮಾರು 38 ಅಂಗುಲ ಬೇಕು. ಇದರಲ್ಲಿ ಪೆಡಲಿನ ತೋಳು ಸುಮಾರು 6½ ಅಂಗುಲ, ಸ್ಪ್ರಿಂಗ್ ಸೀಟಿನ ಎತ್ತರ ಅಂದಾಜು 4 ಅಂಗುಲ. ಸೈಕಲಿನ ಫ್ರೇಮು 22 ಅಂಗುಲದ್ದಾದರೆ, ಸೀಟಿನ ಕಂಬಿ 5½ ಅಂಗುಲ ಹೊರಗೆ ಬರಬೇಕಾಗುತ್ತದೆ. ಫ್ರೇಮು 24 ಅಂಗುಲದ್ದಾದರೆ 3½ ಅಂಗುಲ ಸಾಕು. ಕಂಬಿಯನ್ನು ಮನಬಂದಷ್ಟು ಎಳೆಯಲಾಗದು. ಅದರ ಮೇಲೆ ಮಿತಿಯ ಗೆರೆಯಿದ್ದರೆ ಆ ಗೆರೆ ಫ್ರೇಮಿನಿಂದ ಹೊರಗೆ ಕಾಣಬಾರದು; ಕಂಡರೆ ಕಂಬಿ ಬಾಗಿ ಮುರಿಯುವ ಭಯವುಂಟು. ಹ್ಯಾಂಡಲಿನ ಕಂಬಿಗೂ ಇದೇ ನಿಯಮ.

ಬಹುಮಂದಿ ಚಕ್ರದ ಅಳತೆ ಕೇಳಿ ಸೈಕಲು ಕೊಳ್ಳುತ್ತಾರೆ. 28 ಅಂಗುಲದ ಚಕ್ರವೆಂದಾಕ್ಷಣ ಎತ್ತರದವನಿಗೆ ಸರಿಹೋಯಿತೆಂದು ತಿಳಿಯುತ್ತಾರೆ. ಚಕ್ರ ಅದೇ ಇದ್ದರೂ ಫ್ರೇಮು 22 ಇರಬಹುದು, 24 ಇರಬಹುದು. ಕೇಳಬೇಕಾದದ್ದು ಫ್ರೇಮಿನ ಅಳತೆಯನ್ನು. ಅಂಗಡಿಯಲ್ಲಿ ಮೂರು ಪರೀಕ್ಷೆ ಮಾಡಿರಿ. ಒಂದು, ಸೀಟಿನ ಮುಂದೆ ಫ್ರೇಮಿನ ಎರಡೂ ಕಡೆ ಪಾದವೂರಿ ನಿಂತಾಗ ಮೇಲಿನ ಬಾರಿಗೂ ಮೈಗೂ ನಡುವೆ ಒಂದೆರಡು ಅಂಗುಲ ತೆರಪಿರಲಿ. ಎರಡು, ಸೀಟಿನ ಮೇಲೆ ಕುಳಿತು ಕೆಳಗಿನ ಪೆಡಲಿನ ಮೇಲೆ ಹಿಮ್ಮಡಿಯಿಟ್ಟರೆ ಕಾಲು ನೇರವಾಗಲಿ. ಪಾದದ ಮುಂಭಾಗವಿಟ್ಟರೆ ಕೊಂಚವೇ ಮಡಿಯಲಿ. ಮೂರು, ಹ್ಯಾಂಡಲನ್ನು ಪೂರ್ತಿ ತಿರುಗಿಸಿದಾಗ ಮೊಣಕಾಲು ತಗಲದಿರಲಿ.

ನಾವು ಹೀಗೆ ಅಳತೆಯಲ್ಲಿ ತೊಡಗಿದ್ದಾಗ ಮೇಲೆ ಮಾಳಿಗೆಗಳಿಂದ ಹುಡುಗರು ಗಾಳಿಪಟ ಹಾರಿಸುತ್ತಿದ್ದರು. ಗಾಳಿಪಟದಿಂದ ಬಂಡಿಯನ್ನೇ ಎಳೆಸುವ ವಿದ್ಯೆಯೂ ಉಂಟು. ಇಂಗ್ಲೆಂಡಿನ ಬ್ರಿಸ್ಟಲಿನ ಉಪಾಧ್ಯಾಯ ಜಾರ್ಜ್ ಪೋಕಾಕ್ ಅಂಥ ಬಂಡಿಗೆ 1826ರಲ್ಲಿ ಪೇಟೆಂಟು ಪಡೆದನು. ಇಂದು ಹೊರದೇಶಗಳ ಸಮುದ್ರತೀರಗಳಲ್ಲಿ ಓಡುವ ಮೂರು ಚಕ್ರದ ಗಾಳಿಪಟದ ಬಂಡಿಯಲ್ಲಿ ಸವಾರನು ತಗ್ಗಾಗಿ ಕುಳಿತು, ಮುಂದಿನ ಚಕ್ರವನ್ನು ಪಾದಗಳಿಂದ ತಿರುಗಿಸುತ್ತಾನೆ. ಎತ್ತರದವನು ಗಿಡ್ಡ ಬಂಡಿಯಲ್ಲಿ ಕುಳಿತರೆ ಮೊಣಕಾಲು ಎದೆಯತ್ತ ಏರಿ, ಚಕ್ರ ಹತೋಟಿಗೆ ಬಾರದು. ಆದುದರಿಂದ ಸೀಟಿನಿಂದ ಪಾದದ ಕಂಬಿಯವರೆಗಿನ ದೂರವನ್ನು ಕಾಲಿಗೆ ಸರಿಯಾಗಿ ನೋಡಿಯೇ ಬಂಡಿ ಆರಿಸುತ್ತಾರೆ. ರಜಾದಿನದ ಆಟದ ಬಂಡಿಗೇ ಇಷ್ಟು ಅಳತೆಯಾದರೆ, ದಿನವೂ ಅನ್ನ ಸಂಪಾದಿಸಿಕೊಡುವ ಬಂಡಿಗೆ ಬೇಡವೆ?

ಹತ್ತಿರದ ಸೈಕಲು ಅಂಗಡಿಯಿಂದ ಸ್ಪ್ಯಾನರು ತಂದು ಸೀಟನ್ನು ಏರಿಸಿದೆವು. ಎರಡು ಬೆರಳಿನಷ್ಟು ಏರುವುದರೊಳಗೆ ಕಂಬಿ ಮಿತಿ ಮುಟ್ಟಿತು. ಯುವಕ ಒಂದು ಸುತ್ತು ಹೊಡೆದು ಬಂದು, “ಸ್ವಲ್ಪ ಹಗುರಾಯಿತು, ಧಣಿ” ಎಂದ. ಸ್ವಲ್ಪವೇ. ಅವನಿಗೆ ಬೇಕಾದದ್ದು ದೊಡ್ಡ ಫ್ರೇಮು. ಆರು ತಿಂಗಳ ನೋವಾದ್ದರಿಂದ ವೈದ್ಯರಿಗೂ ತೋರಿಸೆಂದು ಹೇಳಿ, ಅವನ ಮಾಲೀಕರನ್ನು ಕಂಡೆವು. ಅವರು ಮೊದಲು ಬೆಲೆ ಕೇಳಿದರು. ನಾವು ಅವರನ್ನು ದೂರಲಿಲ್ಲ. ದೂರುವ ಅಧಿಕಾರವೂ ನಮಗಿರಲಿಲ್ಲ.

ಏಕೆಂದರೆ ನಾವು ಹೋಟೆಲು ನಡೆಸುತ್ತಿದ್ದ ಕಾಲದಲ್ಲಿ ಒಂದೇ ಅಳತೆಯ ಸೈಕಲುಗಳನ್ನು ಸಗಟಾಗಿ ಕೊಂಡು ಎಲ್ಲ ಹುಡುಗರಿಗೂ ಕೊಟ್ಟಿದ್ದೆವು. ಅವರಲ್ಲೊಬ್ಬ ಎತ್ತರದವನು ಕಾಲುನೋವೆಂದು ಹೇಳಿದಾಗ, ಕೆಲಸಗಳ್ಳತನವೆಂದು ಗದರಿದೆವು. ಅವನು ತಿಂಗಳ ಸಂಬಳ ಎಣಿಸಿಕೊಂಡು ಹೊರಟುಹೋದ. ಅಂದು ಸ್ಪ್ಯಾನರು ನಮ್ಮ ಗಲ್ಲೆಯ ಕೆಳಗೇ ಬಿದ್ದಿತ್ತು. ಈ ಮಾತನ್ನೂ ಕಾಶಿಯ ಆ ಮಾಲೀಕರ ಮುಂದೆ ಮುಚ್ಚಿಡದೆ ಹೇಳಿದೆವು. ಅವರು ಕೊಂಚ ಹೊತ್ತು ಸುಮ್ಮನಿದ್ದು, ಹಳೆಯ ಸೈಕಲನ್ನು ಗಿಡ್ಡ ಹುಡುಗನಿಗೆ ಕೊಟ್ಟು ಇವನಿಗೆ 24ರ ಫ್ರೇಮು ಹುಡುಕುವುದಾಗಿ ಮಾತು ಕೊಟ್ಟರು.

ಮಾಲೀಕ ಮಹಾಶಯರಲ್ಲಿ ನಮ್ಮ ವಿನಂತಿ ಇಷ್ಟೆ: ಹುಡುಗನಿಗೆ ಸಮವಸ್ತ್ರ ಹೊಲಿಸುವಾಗ ದರ್ಜಿಯಿಂದ ಅಳತೆ ತೆಗೆಸುತ್ತೀರಷ್ಟೆ, ಸೈಕಲು ಕೊಳ್ಳುವಾಗಲೂ ಅವನನ್ನು ಅಂಗಡಿಗೆ ಕರೆದೊಯ್ಯಿರಿ. ಕಾರಕೂನ ಬಂಧುಗಳೂ ಹಳೆಯ ಸೈಕಲು ಕೊಳ್ಳುವಾಗ ಬೆಲೆಗೆ ಮುಂಚೆ ಫ್ರೇಮು ಕೇಳಲಿ. ನೋವಿದ್ದವರು ನಾಚಿಕೆ ಬಿಟ್ಟು ಹೇಳಲಿ. ಹಾಸಿಗೆ ಇದ್ದಷ್ಟು ಕಾಲು ಚಾಚೋಣ. ಆದರೆ ಸೈಕಲು ಮಾತ್ರ ಕಾಲು ಇದ್ದಷ್ಟೇ ಇರಲಿ.