ಮಂಡ್ಯ ಜಿಲ್ಲೆಯ ನೆಲ, ನೀರು ಮತ್ತು ಜನಸಂಖ್ಯೆ

ಗ್ರಾಮಗಳ ಮುಖಂಡರೂ ಜಮೀನುದಾರರೂ ತಮ್ಮ ತಮ್ಮ ಊರಿನ ಎಲ್ಲೆಕಟ್ಟುಗಳನ್ನು ಚೆನ್ನಾಗಿ ಬಲ್ಲರು; ಇಡೀ ಜಿಲ್ಲೆಯನ್ನು ಒಟ್ಟಾಗಿ ನೋಡುವ ಸಂದರ್ಭವು ಅವರಿಗೆ ಅಪರೂಪವಾಗಿ ಒದಗುತ್ತದೆ. ಬೆಳೆಯನ್ನು ಗೊತ್ತುಮಾಡುವುದಕ್ಕೆ ಮುನ್ನ ಕೆಲಸಕ್ಕೆ ದೊರೆಯುವ ಆಳುಗಳ ಲೆಕ್ಕವನ್ನೂ ಹಾಕಬೇಕಾಗಿ ಬಂದಿರುವುದರಿಂದ, ಮಂಡ್ಯ ಜಿಲ್ಲೆಯ ಭೂಸ್ಥಿತಿಯನ್ನೂ ಜನಸಂಖ್ಯೆಯನ್ನೂ ಕುರಿತ ಕೆಲವು ಸಂಗತಿಗಳನ್ನು ಇಲ್ಲಿ ವಿವರಿಸಲಾಗಿದೆ.

ಈ ಜಿಲ್ಲೆಯು 1939ನೆಯ ಇಸವಿಯಲ್ಲಿ ಮೈಸೂರು ಜಿಲ್ಲೆಯಿಂದ ಬೇರ್ಪಟ್ಟಿತು. ವಿಸ್ತೀರ್ಣವು 4,961 ಚದರ ಕಿಲೋಮೀಟರು. ಮಂಡ್ಯ, ಮದ್ದೂರು, ಮಳವಳ್ಳಿ, ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಎಂಬ 7 ತಾಲ್ಲೂಕುಗಳು ಇದರಲ್ಲಿ ಸೇರಿವೆ. ಮುಖ್ಯ ನದಿ ಕಾವೇರಿ. ಹೇಮಾವತಿಯು ಕನ್ನಂಬಾಡಿಯ ಜಲಾಶಯದಲ್ಲಿಯೂ, ಲೋಕಪಾವನಿಯು ಕರೀಘಟ್ಟದ ಬಳಿಯೂ, ಶಿಂಷೆಯು ಮದ್ದೂರನ್ನು ಹಾಯ್ದು ಶಿವನಸಮುದ್ರದಿಂದ ಕೆಳಗೂ ಅದನ್ನು ಕೂಡುತ್ತವೆ. ಇಷ್ಟು ನದಿಗಳಿದ್ದರೂ ವರ್ಷದ ಮಳೆಯು ಸುಮಾರು 700 ಮಿಲಿಮೀಟರು ಮಾತ್ರ. ಆದಕಾರಣ ನಾಲೆ ಮುಟ್ಟಿದ ಸೀಮೆಯೇ ಬೇರೆ, ಮುಟ್ಟದ ಸೀಮೆಯೇ ಬೇರೆ.

ಶ್ರೀರಂಗಪಟ್ಟಣದ ಸುತ್ತಿನ ಚಿಕ್ಕದೇವರಾಜಸಾಗರ, ಬಂಗಾರದೊಡ್ಡಿ ಮೊದಲಾದ ನಾಲೆಗಳು ಅರಸರ ಕಾಲದವು. ಮಂಡ್ಯದ ಬಯಲಾದರೋ ಬಹುಕಾಲ ರಾಗಿ, ಹುರುಳಿ ಬೆಳೆಯುವ ಖುಷ್ಕಿಯಾಗಿದ್ದಿತು. 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ಕಟ್ಟೆಯು ಮುಗಿದ ಮೇಲೆ, ಮೊದಲು ಇರ್ವಿನ್ ನಾಲೆಯೆಂದು ಕರೆಯಲ್ಪಟ್ಟ ವಿಶ್ವೇಶ್ವರಯ್ಯ ನಾಲೆಯು ಹುಲಿಕೆರೆಯ ಸುರಂಗದ ಮೂಲಕ ಇಲ್ಲಿಗೆ ನೀರನ್ನು ತಂದಿತು. 1933ರಲ್ಲಿ ವ್ಯವಸಾಯ ಇಲಾಖೆಯ ಡೈರೆಕ್ಟರಾಗಿದ್ದ ಲೆಸ್ಲಿ ಕೋಲ್ಮನ್ನರ ಪ್ರಯತ್ನದಿಂದ ಸಕ್ಕರೆ ಕಾರ್ಖಾನೆಯೂ ಸ್ಥಾಪಿತವಾಯಿತು. ಕಬ್ಬು, ಬತ್ತ, ಅರೆಖುಷ್ಕಿ ಬೆಳೆಗಳು ಸರದಿಯಂತೆ ಬರಬೇಕೆಂಬುದು ಮೊದಲಿನ ಯೋಜನೆ. ಆ ಸರದಿಯು ಸಡಿಲಿತು. ಬತ್ತದ ಮೇಲೆ ಬತ್ತ ಬಂದು ತಗ್ಗಿನ ಗದ್ದೆಗಳು ಕೆಲವೆಡೆ ಜೌಗು ಹಿಡಿದು ಚೌಳಾದುವು. ನೀರು ಹೆಚ್ಚಿದಷ್ಟೂ ಫಸಲು ಹೆಚ್ಚೆಂದು ನಂಬಿರುವ ರೈತರು ನಾಲೆಯ ಮೇಲಿನ ಭಾಗದಲ್ಲಿ ಈಗಲೂ ಸಿಗುತ್ತಾರೆ. ಕೊನೆಯ ಭಾಗದವರಿಗೆ ಹಾಗೆ ನಂಬುವ ಅವಕಾಶವೇ ಒದಗಿಲ್ಲ.

ಉತ್ತರದಲ್ಲಿ ಮೇಲುಕೋಟೆಯ ಬೆಟ್ಟಸಾಲಿನಿಂದಾಚೆಗೆ ನೆಲವು ಏರುತ್ತದೆ. ನಾಗಮಂಗಲದ ಕೆಂಪುಮಣ್ಣಿಗೆ ಕೆರೆ, ಬಾವಿ ಮತ್ತು ಮುಂಗಾರೇ ಆಧಾರ. ಗೊರೂರಿನ ಹೇಮಾವತಿ ಜಲಾಶಯದ ನಾಲೆಗಳಿಂದ ಸ್ವಲ್ಪ ಭಾಗಕ್ಕೆ ಮಾತ್ರ ನೀರು ದೊರೆತಿದೆ. ರಾಗಿಯೂ ತೆಂಗೂ ಇಲ್ಲಿನ ಜೀವನ.

ಇನ್ನು ಜನರ ವಿಚಾರ. 2001ರ ಜನಗಣತಿಯಲ್ಲಿ 17,63,705 ಇದ್ದ ಜನಸಂಖ್ಯೆಯು 2011ರಲ್ಲಿ 18,05,769 ಆಯಿತು. ಅಂದರೆ ಹತ್ತು ವರ್ಷಗಳಲ್ಲಿ ನೂರಕ್ಕೆ ಎರಡೂವರೆಯಷ್ಟೂ ಹೆಚ್ಚಲಿಲ್ಲ. ಅದೇ ಅವಧಿಯಲ್ಲಿ ಇಡೀ ರಾಜ್ಯದ ಜನಸಂಖ್ಯೆಯು ನೂರಕ್ಕೆ 15ಕ್ಕೂ ಮಿಗಿಲಾಗಿ ಬೆಳೆಯಿತು. ಜಿಲ್ಲೆಯ ನೂರು ಜನರಲ್ಲಿ 83 ಮಂದಿ ಹಳ್ಳಿಗಳವರೇ. ಸಾವಿರ ಗಂಡಸರಿಗೆ 995 ಹೆಂಗಸರು, ರಾಜ್ಯದಲ್ಲಿ 973. ಸಂತಾನವು ಮಿತವಾಗಿರುವುದು ಬೆಳವಣಿಗೆ ತಗ್ಗಿದುದಕ್ಕೆ ಒಂದು ಕಾರಣ. ದುಡಿಯುವವರು ಬೆಂಗಳೂರು, ಮೈಸೂರು, ಮುಂಬಯಿಗಳಿಗೆ ಹೋಗುತ್ತಿರುವುದು ಮತ್ತೊಂದು. 2020ರಲ್ಲಿ ಕೊರೋನಾ ಜಾಡ್ಯದ ಕಾಲಕ್ಕೆ ಮುಂಬಯಿಯಿಂದ ಕೃಷ್ಣರಾಜಪೇಟೆ, ನಾಗಮಂಗಲಗಳಿಗೆ ಜನರು ಗುಂಪುಗುಂಪಾಗಿ ಹಿಂದಿರುಗಿದಾಗಲೇ, ಎಷ್ಟು ಮನೆಗಳ ಮಕ್ಕಳು ಹೊರಗಿದ್ದರೆಂಬುದು ಅನೇಕರಿಗೆ ಮನದಟ್ಟಾಯಿತು.

ಇದರ ಫಲವು ಹೊಲದಲ್ಲಿ ಕಾಣುತ್ತದೆ. ನಾಲೆಗೆ ನೀರು ಬಿಟ್ಟೊಡನೆ ಎಲ್ಲರ ನಾಟಿಯೂ ಒಂದೇ ವಾರಕ್ಕೆ ಬಂದು ನಿಲ್ಲುವುದರಿಂದ ಆಳು ಸಿಕ್ಕದೆ, ಸಸಿಯು ಒಟ್ಟಲಿನಲ್ಲಿಯೇ ಬಲಿತು ಇಳುವರಿ ಕುಗ್ಗುತ್ತದೆ. ಕಬ್ಬು ಕಡಿಯಲು ಹೊರಜಿಲ್ಲೆಯ ತಂಡಗಳನ್ನು ಕಾಯಬೇಕಾಗಿದೆ. ಒಂದೇ ತೂಬಿನ ರೈತರು ಮೊದಲೇ ಕೂಡಿ ಮಾತನಾಡಿ, ಒಟ್ಟಲುಗಳನ್ನು ನಾಲ್ಕೈದು ದಿನಗಳ ಅಂತರದಲ್ಲಿ ಹಾಕಿದರೆ, ಇರುವ ಆಳುಗಳೇ ಒಂದು ಗದ್ದೆಯಿಂದ ಮತ್ತೊಂದಕ್ಕೆ ಸಾಗಬಹುದು. ನಾಟಿಯಂತ್ರವನ್ನು ಬಾಡಿಗೆಗೆ ತರುವುದೂ ಸುಲಭವಾಗುವುದು. ಆಳಿನ ಕೊರತೆಯುಳ್ಳವರು ನೀರು ಬಸಿಯುವ ಎತ್ತರದ ತರಿಗಳಲ್ಲಿ ಎರಡನೆಯ ಬತ್ತಕ್ಕೆ ಬದಲಾಗಿ ರಾಗಿಯನ್ನೋ ದ್ವಿದಳ ಧಾನ್ಯವನ್ನೋ ಬೆಳೆಯುವುದು ಲೇಸು.

ಗ್ರಾಮದ ಮುಖಂಡರು ಮುಂಗಾರಿಗೆ ಮೊದಲು ಒಂದು ಪುಸ್ತಕದಲ್ಲಿ ಬೀಗ ಬಿದ್ದಿರುವ ಮನೆಗಳು, ಬೀಳುಬಿದ್ದ ಜಮೀನುಗಳು, ನಾಟಿಗೆ ದೊರೆಯುವ ಆಳುಗಳು, ಇವಿಷ್ಟನ್ನು ಬರೆದಿಟ್ಟು ಹೋಬಳಿಯ ರೈತಸಂಪರ್ಕ ಕೇಂದ್ರಕ್ಕೆ ಬರುವಾಗ ಜೊತೆಯಲ್ಲಿ ತರಬೇಕೆಂದು ಅರಿಕೆ. ಆ ಪುಸ್ತಕವನ್ನು ಮುಂದಿಟ್ಟುಕೊಂಡರೆ ಯಾವ ತೂಬಿಗೆ ಯಾವ ಬೆಳೆ ಹೊಂದುವುದೆಂಬುದನ್ನು ಅಲ್ಲಿಯೇ ಕುಳಿತು ಗೊತ್ತುಮಾಡಬಹುದು.