ಕಲ್ಲಿನ ಹೂ ಬಿಟ್ಟ ಬೀರು

ಮನೆಯಲ್ಲಿಡುವ ಬೀರುವೊಂದು ಎಷ್ಟು ಬೆಲೆ ಬಾಳೀತು? 2004ರ ಡಿಸೆಂಬರಿನಲ್ಲಿ ಲಂಡನ್ನಿನ ಕ್ರಿಸ್ಟೀಸ್ ಹರಾಜಿನಲ್ಲಿ ಇಟಲಿಯ ಹಳೆಯ ಬೀರುವೊಂದು ಸುಮಾರು 1 ಕೋಟಿ 90 ಲಕ್ಷ ಪೌಂಡಿಗೆ ಹೋಯಿತು. ಪೀಠೋಪಕರಣವೊಂದಕ್ಕೆ ಹರಾಜಿನಲ್ಲಿ ಅಲ್ಲಿಯವರೆಗೆ ಅಷ್ಟು ಹಣ ಸಂದಿರಲಿಲ್ಲ. ಹಿಂದಿನ ದಾಖಲೆಯೂ 1990ರಲ್ಲಿ ಇದೇ ಬೀರು ಬರೆದದ್ದೇ. ಅದರ ಹೆಸರು ‘ಬ್ಯಾಡ್ಮಿಂಟನ್ ಕ್ಯಾಬಿನೆಟ್’.

ಇದನ್ನು ಮಾಡಿಸಿದವನು ಇಂಗ್ಲೆಂಡಿನ ಮೂರನೆಯ ಬೋಫರ್ಟ್ ಡ್ಯೂಕ್ ಹೆನ್ರಿ ಸಾಮರ್ಸೆಟ್. 1726ರಲ್ಲಿ ಯೂರೋಪ್ ಪ್ರವಾಸದಲ್ಲಿದ್ದಾಗ ಅವನಿಗಿನ್ನೂ ಹತ್ತೊಂಬತ್ತು. ಸಿರಿವಂತ ತರುಣರು ಇಟಲಿಯಿಂದ ಚಿತ್ರಗಳನ್ನೋ ಶಿಲ್ಪಗಳನ್ನೋ ಕೊಂಡು ತರುತ್ತಿದ್ದ ಕಾಲ ಅದು. ಈತ ಹನ್ನೆರಡೂವರೆ ಅಡಿಗೂ ಎತ್ತರದ ಬೀರುವಿಗೆ ಫ್ಲಾರೆನ್ಸಿನಲ್ಲಿ ಬೇಡಿಕೆಯಿತ್ತ. ಅದು ಸೇರಿದ್ದು ಅವನ ಬ್ಯಾಡ್ಮಿಂಟನ್ ಬಂಗಲೆಗೆ. ಆಟಕ್ಕೆ ಹೆಸರು ಬಂದದ್ದೂ ಆ ಬಂಗಲೆಯಿಂದಲೇ.

ಕೆಲಸ ನಡೆದದ್ದು ಮೆದಿಚಿ ಮನೆತನದ ದೊರೆ ಮೊದಲನೆಯ ಫರ್ಡಿನಾಂಡೊ 1588ರಲ್ಲಿ ಸ್ಥಾಪಿಸಿದ ಕಾರ್ಖಾನೆಯಲ್ಲಿ. ‘ಪಿಯೆತ್ರೆ ದೂರೆ’, ಅಂದರೆ ಗಡಸು ಕಲ್ಲು, ಅಲ್ಲಿನ ವಿಶೇಷ. ಬಣ್ಣದ ಚಿತ್ರ ಕಾಲಕ್ರಮದಲ್ಲಿ ಮಾಸುತ್ತದೆ, ಕಲ್ಲಿನ ಬಣ್ಣ ಬಹುಕಾಲ ಬಾಳುತ್ತದೆ ಎಂಬುದು ಈ ಕಲೆಯ ಹಿಂದಿನ ಹೆಮ್ಮೆ.

ತಾಜಮಹಲಿನ ಹೂಬಳ್ಳಿಗಳನ್ನು ಕಂಡವರಿಗೆ ಇದು ಪರಿಚಿತವೆನಿಸೀತು. ಆದರೆ ಅಲ್ಲಿ ಅಮೃತಶಿಲೆಯಲ್ಲಿ ತಗ್ಗು ಕೊರೆದು ಬಣ್ಣದ ಕಲ್ಲು ಕೂರಿಸಿದ್ದಾರೆ. ಫ್ಲಾರೆನ್ಸಿನವರದು ಹೆಚ್ಚಾಗಿ ತುಂಡಿಗೆ ತುಂಡು ಹೊಂದಿಸಿ ಇಡೀ ಚಿತ್ರವನ್ನೇ ಕಟ್ಟುವ ರೀತಿ. ಮೊದಲು ಕಾಗದದ ಮೇಲೆ ಚಿತ್ರ. ಅದನ್ನು ಎಸಳೆಸಳಾಗಿ ಕತ್ತರಿಸಿ ಒಂದೊಂದು ಚೂರನ್ನೂ ತೆಳುವಾಗಿ ಸೀಳಿದ ಕಲ್ಲಿನ ಮೇಲೆ ಅಂಟಿಸುತ್ತಾರೆ. ಕೊಯ್ಯಲು ಬಳಸುವುದು ಹಲ್ಲಿನ ಗರಗಸವಲ್ಲ. ಮರದ ಬಿಲ್ಲಿಗೆ ಬಿಗಿದ ಬರಿಯ ಕಬ್ಬಿಣದ ತಂತಿ. ನೀರಿನಲ್ಲಿ ಕಲಸಿದ ಸಾಣೆಪುಡಿ ಹಾಕುತ್ತ ಎಳೆದಂತೆಲ್ಲ ಕಲ್ಲು ಮೆಲ್ಲಗೆ ಸವೆದು ಬೇರೆಯಾಗುತ್ತದೆ. ತುಂಡುಗಳ ಅಂಚು ಹಿಂದಕ್ಕೆ ತುಸು ಓರೆಯಾಗಿರುವುದರಿಂದ ಮುಂಭಾಗದಲ್ಲಿ ಸಂದು ಕಾಣದು. ಹಿಂಬದಿಯ ಸಂದಿನಲ್ಲಿ ಜೇನುಮೇಣ, ರಾಳದ ಅಂಟು ನಿಲ್ಲುತ್ತದೆ.

ಇದಕ್ಕಿಂತ ಕಷ್ಟದ್ದು ಕಲ್ಲನ್ನು ಆರಿಸುವ ಕೆಲಸ. ಹೂವಿನ ಎಸಳಿಗೆ ನೆರಳು ಬೇಕಾದರೆ ಬಣ್ಣ ಬಳಿಯುವಂತಿಲ್ಲ. ಬುಡದಲ್ಲಿ ಗಾಢವಾಗಿ ತುದಿಯಲ್ಲಿ ತಿಳಿಯಾಗುವ ಪಟ್ಟೆಯನ್ನು ಕಲ್ಲಿನಲ್ಲೇ ಹುಡುಕಬೇಕು. ಬೆರಳಗಲದ ಎಲೆಗಾಗಿ ಒಳ್ಳೆಯ ಹಲಗೆಯೊಂದು ಹಾಳಾದರೂ ಸರಿಯೇ. ದೊರೆಯ ಬೊಕ್ಕಸ ಬೆನ್ನಿಗಿಲ್ಲದೆ ಇಂಥ ಕಸುಬು ನಡೆಯುವುದು ಕಷ್ಟವಿತ್ತು.

1732ರ ಹೊತ್ತಿಗೆ ಬೀರು ಸಿದ್ಧವಾಯಿತು. ಕಪ್ಪು ಎಬೊನಿ ಮರ, ಚಿನ್ನದ ಮುಲಾಮಿನ ಕಂಚು, ನೀಲಿಯ ಲ್ಯಾಪಿಸ್ ಲಾಜುಲಿ, ಅಗೇಟ್, ಜ್ಯಾಸ್ಪರ್, ಅಮೆಥಿಸ್ಟ್. ಎಲ್ಲೆಲ್ಲೂ ಹೂವು, ಹಕ್ಕಿ. ಮೇಲೆ ಗಡಿಯಾರ, ನಾಲ್ಕು ಋತುಗಳ ಮೂರ್ತಿಗಳು, ನೆತ್ತಿಯಲ್ಲಿ ಡ್ಯೂಕನ ಲಾಂಛನ. ಡ್ರಾಯರುಗಳೇನೋ ಇವೆ. ಆದರೆ ಅವುಗಳಲ್ಲಿ ಏನಿಡಬೇಕೆಂಬ ಚಿಂತೆ ಮಾಡಿಸಿದವನಿಗಿದ್ದಂತೆ ತೋರದು. ಬರೋಕ್ ಯುಗದಲ್ಲಿ ಬೀರು ಅರಮನೆಯ ಮುಂಭಾಗದಂತೆ ಬೆಳೆದುಬಿಟ್ಟಿತ್ತು.

ಕೊಂಡವರ ಹೆಸರುಗಳೆಲ್ಲ ದಾಖಲೆಯಲ್ಲಿವೆ. ಮಾಡಿದವರು? ಮೂವತ್ತರಷ್ಟು ಕೈಗಳು ದುಡಿದಿರಬೇಕೆಂಬ ಅಂದಾಜಿದೆ. ಬಲಬದಿಯ ಡ್ರಾಯರೊಂದರ ಕಲ್ಲಿನ ಬೆನ್ನಿಗೆ, ಯಾರ ಕಣ್ಣಿಗೂ ಬೀಳದ ಕಡೆ, ಬಾಚೊ ಕಪ್ಪೆಲ್ಲಿ ಎಂಬ ಕುಶಲಿಗ ತನ್ನ ಹೆಸರನ್ನೂ 1720 ಎಂಬ ಇಸವಿಯನ್ನೂ ಗುರುತಿಸಿದ್ದಾನೆ. ಡ್ಯೂಕ್ ಬರುವ ಆರು ವರ್ಷ ಮೊದಲಿನ ಕಲ್ಲದು! ಕಾರ್ಖಾನೆಯಲ್ಲಿ ಮೊದಲೇ ಸಿದ್ಧವಾಗಿದ್ದುದನ್ನು ಇದರಲ್ಲಿ ಬಳಸಿಕೊಂಡಿರಬೇಕು.

ಬೀರು ಮುಗಿದ ಐದೇ ವರ್ಷಕ್ಕೆ, 1737ರಲ್ಲಿ, ಜಾನ್ ಗಸ್ತೋನೆಯ ಸಾವಿನೊಂದಿಗೆ ಮೆದಿಚಿಗಳ ಆಳ್ವಿಕೆ ಮುಗಿಯಿತು. ಕಾರ್ಖಾನೆ ಮಾತ್ರ ಹೊಸ ದೊರೆಗಳ ಕಾಲದಲ್ಲೂ ಉಳಿಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಹಳೆಯ ಕೃತಿಗಳ ದುರಸ್ತಿಗೆ ತಿರುಗಿತು. 1966ರಲ್ಲಿ ಆರ್ನೊ ನದಿಯ ಪ್ರವಾಹ ಫ್ಲಾರೆನ್ಸಿನ ಕಲಾಕೃತಿಗಳನ್ನು ಕೆಸರಿನಲ್ಲಿ ಅದ್ದಿದಾಗ ಆ ಅನುಭವ ಊರಿಗೆ ಒದಗಿತು. ‘ಒಪಿಫೀಚಿಯೊ’ ಎಂಬ ಆ ಸಂಸ್ಥೆ ಇಂದು ಇಟಲಿಯ ಪ್ರಮುಖ ಕಲಾಸಂರಕ್ಷಣಾ ಕೇಂದ್ರ. ಬ್ಯಾಡ್ಮಿಂಟನ್ ಬೀರುವನ್ನು ಕೊಂಡವರು ಲಿಕ್ಟನ್‌ಸ್ಟೈನಿನ ರಾಜಕುಮಾರರು. ಅದು ವಿಯೆನ್ನಾ ಸೇರಿತು. ತಂತಿಯ ಬಿಲ್ಲು, ಹಳೆಯ ಕೆಲಸದ ಮೇಜುಗಳು ಮತ್ತು ಬಗೆಬಗೆಯ ಕಲ್ಲಿನ ಮಾದರಿಗಳು ಫ್ಲಾರೆನ್ಸಿನ ಆ ಸಂಸ್ಥೆಯ ವಸ್ತುಸಂಗ್ರಹಾಲಯದಲ್ಲಿವೆ.