ಗಣಕಯಂತ್ರದ ಗದ್ದಲ

ಶಿರಸಿ, ಸಿದ್ದಾಪುರ, ಯಲ್ಲಾಪುರಗಳು ಘಟ್ಟದ ಮೇಲಿನ ತಾಲ್ಲೂಕುಗಳು. ಮಳೆಗಾಲದಲ್ಲಿ ಇಲ್ಲಿನ ಹೆಂಚಿನ ಮನೆಗಳಲ್ಲಿ ಹಗಲಿರುಳೂ ಮಳೆಯ ಸದ್ದೇ ಸದ್ದು. ಅದನ್ನೂ ಮೀರಿ ಮೇಜಿನ ಕೆಳಗಿನ ಗಣಕಯಂತ್ರವು ಗೊರಗುಟ್ಟತೊಡಗಿದರೆ ಮನೆಯವರಿಗೆ ಕಳವಳವಾಗುವುದು ಸಹಜ. ತೋಟದ ಲೆಕ್ಕ, ಅಡಿಕೆ ಮಾರಿದ ಪಟ್ಟಿ, ಮದುವೆಮುಂಜಿಗಳ ಚಿತ್ರಗಳು, ಕಾಲೇಜಿಗೆ ಹೋಗುವ ಮಗಳು ತಿಂಗಳುಗಟ್ಟಲೆ ಬರೆದ ಪ್ರಬಂಧ ಎಲ್ಲವೂ ಆ ಪೆಟ್ಟಿಗೆಯಲ್ಲಿಯೇ ಇರುತ್ತವೆ. ರಿಪೇರಿಯ ಅಂಗಡಿಯಿರುವುದು ದೂರದ ಪೇಟೆಯಲ್ಲಿ. "ಹಳೆಯ ಯಂತ್ರ, ಸದ್ದು ಮಾಡುತ್ತದೆ" ಎಂದು ಸುಮ್ಮನಿರಬಹುದೆ? ಅಥವಾ ಆ ಸದ್ದಿಗೆ ಏನಾದರೂ ಅರ್ಥವುಂಟೆ? ಇದನ್ನು ಸ್ವಲ್ಪ ವಿಚಾರಿಸೋಣ.

ಗಣಿಸುವ ಕ್ರಿಯೆಗೂ ಸದ್ದಿಗೂ ನೇರವಾದ ಸಂಬಂಧವಿಲ್ಲ. ಸಿಲಿಕಾನ್ ತುಣುಕಿನೊಳಗೆ ಎಲೆಕ್ಟ್ರಾನುಗಳು ಎಷ್ಟು ಓಡಾಡಿದರೂ ನಮ್ಮ ಕಿವಿಗೆ ಏನೂ ಕೇಳಿಸದು. ಸದ್ದು ಹುಟ್ಟಬೇಕಾದರೆ ಯಾವುದಾದರೊಂದು ವಸ್ತು ಕಂಪಿಸಿ ಗಾಳಿಯನ್ನು ಅಲುಗಿಸಬೇಕು. ಗಣಕಯಂತ್ರದಲ್ಲಿ ಹಾಗೆ ಚಲಿಸುವ ಭಾಗಗಳು ಮುಖ್ಯವಾಗಿ ಎರಡು: ಗಾಳಿ ಬೀಸುವ ಫ್ಯಾನುಗಳು ಮತ್ತು ತಿರುಗುವ ಹಾರ್ಡ್ ಡಿಸ್ಕು.

ಫ್ಯಾನು ಏಕೆ ಬೇಕು? ಯಂತ್ರವು ಸೆಳೆದುಕೊಂಡ ವಿದ್ಯುಚ್ಛಕ್ತಿಯು ಬಹುಮಟ್ಟಿಗೆ ಕೊನೆಯಲ್ಲಿ ಉಷ್ಣವಾಗಿ ಮಾರ್ಪಡುತ್ತದೆ. ಅಮೆರಿಕೆಯಲ್ಲಿ 1946ರಲ್ಲಿ ಜನರ ಮುಂದೆ ಬಂದ 'ಎನಿಯಾಕ್' ಗಣಕದಲ್ಲಿ 17,000ಕ್ಕೂ ಹೆಚ್ಚು ವಾಲ್ವುಗಳಿದ್ದವು. ಅದಕ್ಕೆ ಸುಮಾರು 150 ಕಿಲೋವಾಟ್ ವಿದ್ಯುತ್ತು ಬೇಕಾಗುತ್ತಿತ್ತು, ಅದರ ಕಾವನ್ನು ಹೊರದೂಡಲು ಗಾಳಿಯಂತ್ರಗಳನ್ನೇ ಇಟ್ಟಿದ್ದರು. ನಮ್ಮ ಮೇಜಿನ ಯಂತ್ರಕ್ಕೆ 100 ವಾಟ್ ಎಂದಿಟ್ಟುಕೊಳ್ಳೋಣ. ಒಂದು ಲೀಟರ್ ಗಾಳಿಯ ತೂಕ ಸುಮಾರು 1.2 ಗ್ರಾಂ, ಅದನ್ನು 10 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿ ಮಾಡಲು ಸುಮಾರು 12 ಜೂಲ್ ಶಕ್ತಿ ಬೇಕು. ಆದುದರಿಂದ ಪೆಟ್ಟಿಗೆಯೊಳಗಿನ ಗಾಳಿ 10 ಡಿಗ್ರಿಗಿಂತ ಹೆಚ್ಚು ಕಾಯದಿರಬೇಕಾದರೆ ಸೆಕೆಂಡಿಗೆ 8 ಲೀಟರಿಗೂ ಮಿಕ್ಕಿ ಗಾಳಿ ಹರಿಯುತ್ತಿರಬೇಕು. ದಾರಿ ಕಟ್ಟಿ ಹರಿವು ಅರ್ಧಕ್ಕಿಳಿದರೆ ಏರಿಕೆ 20 ಡಿಗ್ರಿಯಾಗುತ್ತದೆ.

ದಾರಿ ಕಟ್ಟುವುದು ಧೂಳು. ಈ ಸೀಮೆಯ ಧೂಳಿಗೆ ತನ್ನದೇ ಒಂದು ಗುಣವುಂಟು. ಒಣಗಿದ ಅಡಿಕೆಯನ್ನು ಸುಲಿಯುವಾಗ ಸಿಪ್ಪೆಯ ನವಿರಾದ ಎಳೆಗಳು ಗಾಳಿಯಲ್ಲಿ ತೇಲುತ್ತವೆ. ಬಚ್ಚಲೊಲೆಯ ಹೊಗೆಯೂ ಅಡುಗೆಮನೆಯ ಜಿಡ್ಡೂ ಅದರೊಡನೆ ಬೆರೆಯುತ್ತವೆ. ಮಳೆಗಾಲದ ತೇವವು ಇವೆಲ್ಲವನ್ನೂ ಅಂಟಿಸಿ, ಪ್ರೊಸೆಸರಿನ ಮೇಲಿರುವ ಲೋಹದ ರೆಕ್ಕೆಗಳ ನಡುವೆ ಕಂಬಳಿಯಂತೆ ಹಾಸಿಬಿಡುತ್ತದೆ. ಆಗ ಪ್ರೊಸೆಸರು ಕಾಯುತ್ತದೆ. ಕಾವನ್ನಳೆಯುವ ಉಪಕರಣವು ಫ್ಯಾನನ್ನು ಇನ್ನಷ್ಟು ವೇಗವಾಗಿ ತಿರುಗಿಸುತ್ತದೆ. ಫ್ಯಾನಿನ ಧ್ವನಿಶಕ್ತಿಯು ಹೆಚ್ಚುಕಡಮೆ ಅದರ ವೇಗದ ಐದನೆಯ ಘಾತಕ್ಕೆ ಅನುಗುಣವಾಗಿ ಏರುತ್ತದೆ. ನಿಮಿಷಕ್ಕೆ 1000 ಸುತ್ತು ತಿರುಗುತ್ತಿದ್ದುದು 2000 ಸುತ್ತು ತಿರುಗಿದರೆ ಧ್ವನಿಶಕ್ತಿ ಎರಡು ಪಟ್ಟಲ್ಲ, 32 ಪಟ್ಟು; ಅಂದರೆ 15 ಡೆಸಿಬೆಲ್ ಏರಿಕೆ. ನಮ್ಮ ಕಿವಿಗೆ ಇದು ಮೂರು ಪಟ್ಟಿನ ಸಮೀಪ ಜೋರಾಗಿ ಕೇಳಿಸುತ್ತದೆ.

ಇನ್ನು ರೋಗಪರೀಕ್ಷೆ. 1816ರಲ್ಲಿ ಫ್ರಾನ್ಸಿನ ವೈದ್ಯ ಲೆನೆಕ್ ಕಾಗದವನ್ನು ಸುರುಳಿ ಸುತ್ತಿ, ಅದರ ಮೂಲಕ ರೋಗಿಯ ಹೃದಯದ ಬಡಿತವನ್ನು ಕೇಳಿದನು. ಸ್ಟೆತಾಸ್ಕೋಪು ಹುಟ್ಟಿದುದು ಹೀಗೆ. ನಾವೂ ಹಳೆಯ ವೃತ್ತಪತ್ರಿಕೆಯೊಂದನ್ನು ಸುತ್ತಿ, ಒಂದು ತುದಿಯನ್ನು ಕಿವಿಗಿಟ್ಟು ಇನ್ನೊಂದನ್ನು ಕ್ಯಾಬಿನೆಟ್ಟಿನ ಹಿಂದೆ, ಮುಂದೆ, ಪಕ್ಕದಲ್ಲಿ ಸರಿಸುತ್ತ ಹೋದರೆ ಸದ್ದಿನ ನೆಲೆ ತಿಳಿಯುತ್ತದೆ. ಪಕ್ಕದ ತಗಡನ್ನು ಅಂಗೈಯಿಂದ ಒತ್ತಿದೊಡನೆ ಸದ್ದು ನಿಂತರೆ ದೋಷವು ಸಡಿಲವಾದ ಸ್ಕ್ರೂನಲ್ಲಿದೆ; ಬಿಗಿದರೆ ಸಾಕು.

ಸದ್ದಿನ ಜಾತಿಯನ್ನೂ ಹೊತ್ತನ್ನೂ ಗಮನಿಸಬೇಕು. ಹೆಚ್ಚಿನ ಕೆಲಸ ಕೊಟ್ಟಾಗ 'ಭೋರ್' ಎಂದು ಏರಿ ಆಮೇಲೆ ಇಳಿದರೆ ಅದು ಕಾವಿನ ಲಕ್ಷಣ. ಚಳಿಯ ಬೆಳಗಿನಲ್ಲಿ ಗರಗರ ಎಂದು ತುಸು ಹೊತ್ತಿನಲ್ಲಿ ಕಡಮೆಯಾದರೆ ಫ್ಯಾನಿನ ಬೇರಿಂಗಿನ ಎಣ್ಣೆ ಒಣಗುತ್ತಿರಬಹುದು. ಬಿಟ್ಟುಬಿಡದ 'ಕಟಕಟ' ಸದ್ದಾದರೆ ಯಾವುದೋ ತಂತಿ ಫ್ಯಾನಿನ ಅಲಗಿಗೆ ತಗಲುತ್ತಿರುತ್ತದೆ. ಸಣ್ಣ ಕೀಟದಂತೆ 'ಚೀಂ' ಎನ್ನುವ ದನಿ ತಂತಿಸುರುಳಿಯ ಕಂಪನದ್ದು. ಕಿವಿಗೆ ಕಿರಿಕಿರಿಯಾದರೂ ಸಾಮಾನ್ಯವಾಗಿ ಅಪಾಯಕರವಲ್ಲ.

ಇವೆಲ್ಲಕ್ಕಿಂತ ಭಿನ್ನವಾದುದು ಹಾರ್ಡ್ ಡಿಸ್ಕಿನ ಸದ್ದು. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕು ಸೆಕೆಂಡಿಗೆ 120 ಸುತ್ತು ತಿರುಗಿದಂತಾಯಿತು. ಅದರ ಒಂದೇ ಸಮನಾದ ಮೆಲುದನಿ ಸಹಜವಾದುದು. ಆದರೆ ಬರಹವನ್ನು ಓದುವ ಅದರ ತಲೆಯು ತಟ್ಟೆಯ ಮೇಲೆ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತಿರುತ್ತದೆ. ನಮ್ಮ ತಲೆಗೂದಲಿನ ದಪ್ಪ ಅದರ ಸಾವಿರಾರು ಪಟ್ಟು! ಆ ತಲೆ ಕೆಟ್ಟಾಗ 'ಟಕ್, ಟಕ್' ಎಂದು ಮತ್ತೆ ಮತ್ತೆ ಬಡಿಯುವ ಸದ್ದು ಕೇಳಿಬರುತ್ತದೆ, ಕಡತಗಳು ತೆರೆಯಲು ತಡವಾಗುತ್ತವೆ. ಆಗ ಧೂಳು ಗುಡಿಸಲು ಹೊರಡುವುದು ಅವಿವೇಕ. ಮುಖ್ಯವಾದ ಕಡತಗಳನ್ನು ಅದೇ ಗಳಿಗೆಯಲ್ಲಿ ಬೇರೊಂದು ಡಿಸ್ಕಿಗೆ ನಕಲು ಮಾಡಿಕೊಂಡು, ಯಂತ್ರವನ್ನು ನಿಲ್ಲಿಸಬೇಕು. ಫ್ಯಾನು ಕೆಟ್ಟರೆ ಹೊಸದು ಸಿಕ್ಕುತ್ತದೆ. ಕಳೆದುಹೋದ ಪ್ರಬಂಧವಾಗಲಿ ಹಿರಿಯರ ಚಿತ್ರವಾಗಲಿ ಅಂಗಡಿಯಲ್ಲಿ ಸಿಕ್ಕದು.

ಡಿಸ್ಕು ಸುಸ್ಥಿತಿಯಲ್ಲಿದ್ದರೆ ಚಿಕಿತ್ಸೆಗೆ ತೊಡಗಬಹುದು. ಯಂತ್ರವನ್ನು ಆರಿಸಿ, ಪ್ಲಗ್ಗನ್ನು ಕಿತ್ತು, ಜಗಲಿಗೆ ಒಯ್ದು ಪಕ್ಕದ ತಗಡನ್ನು ಬಿಚ್ಚಬೇಕು. ಒಳಗೆ ಕೈಯಿಡುವ ಮೊದಲು ಕ್ಯಾಬಿನೆಟ್ಟಿನ ಬರಿ ಲೋಹವನ್ನು ಮುಟ್ಟಿದರೆ ಮೈಯಲ್ಲಿ ಕೂಡಿದ ಸ್ಥಿರವಿದ್ಯುತ್ತು ಹರಿದುಹೋಗುತ್ತದೆ. ಮೆದುವಾದ, ಒಣಗಿದ ಬ್ರಷ್ಷಿನಿಂದ ಧೂಳನ್ನು ಸಡಿಲಿಸಿ ಬ್ಲೋಯರಿನಿಂದ ಊದಬೇಕು. ಒದ್ದೆ ಬಟ್ಟೆ ಸರ್ವಥಾ ಕೂಡದು. ಊದುವಾಗ ಫ್ಯಾನಿನ ಅಲಗನ್ನು ಬೆರಳಿನಿಂದ ಹಿಡಿದಿರಬೇಕು. ಇಲ್ಲವಾದರೆ ಅದು ಮಿತಿಮೀರಿ ತಿರುಗಿ ಬೇರಿಂಗು ಕೆಡಬಹುದು. ಧೂಳು ಹೋದರೂ ಕಾವು ಇಳಿಯದಿದ್ದರೆ ಪ್ರೊಸೆಸರಿಗೂ ಲೋಹದ ರೆಕ್ಕೆಗಳಿಗೂ ನಡುವಿನ ಥರ್ಮಲ್ ಪೇಸ್ಟು ಒಣಗಿರಬಹುದು. ಹಳೆಯದನ್ನು ಒರೆಸಿ ಹೊಸದನ್ನು ತೆಳುವಾಗಿ ಹಚ್ಚಿಸಬೇಕು.

ಸವೆದ ಫ್ಯಾನಿಗೆ ಕೊಬ್ಬರಿ ಎಣ್ಣೆ ಬಿಡಬಹುದಲ್ಲವೆ ಎಂದು ಕೆಲವರು ಕೇಳಬಹುದು. ಅದು ಸುಮಾರು 24 ಡಿಗ್ರಿಯಲ್ಲಿಯೇ ಹೆಪ್ಪುಗಟ್ಟುವ ಎಣ್ಣೆ. ಚಳಿಗಾಲದ ಬೆಳಗಿನಲ್ಲಿ ಶೀಶೆಯೊಳಗೆ ಗಟ್ಟಿಯಾಗುವ ಎಣ್ಣೆ ಬೇರಿಂಗಿನೊಳಗೆ ಹೇಗೆ ತಾನೆ ಜಾರೀತು? ಯಂತ್ರದ ಎಣ್ಣೆಯ ಒಂದು ಹನಿ ಕೂಡ ತಾತ್ಕಾಲಿಕ ಉಪಶಮನವಷ್ಟೆ. ಫ್ಯಾನನ್ನು ಬದಲಿಸುವುದೇ ಸರಿಯಾದ ಮಾರ್ಗ.

ಒಂದು ಎಚ್ಚರಿಕೆಯನ್ನು ಮರೆಯಬಾರದು. ಸದ್ದು ಎಸ್‌.ಎಂ.ಪಿ.ಎಸ್‌. ಪೆಟ್ಟಿಗೆಯಿಂದ ಬರುತ್ತಿದ್ದರೆ ಅದನ್ನು ಎಂದಿಗೂ ಬಿಚ್ಚಬಾರದು. ಮನೆಗೆ ಬರುವ 230 ವೋಲ್ಟಿನ ವಿದ್ಯುತ್ತಿನ ಶಿಖರಮೌಲ್ಯ ಸುಮಾರು 325 ವೋಲ್ಟ್. ಅಷ್ಟು ಒತ್ತಡವನ್ನು ತುಂಬಿಕೊಂಡ ಕೆಪಾಸಿಟರುಗಳು ಪ್ಲಗ್ಗನ್ನು ಕಿತ್ತ ಮೇಲೆಯೂ ಸ್ವಲ್ಪ ಕಾಲ ಪ್ರಾಣಾಪಾಯವನ್ನು ಒಡ್ಡಬಲ್ಲವು. ಅದು ಬಲ್ಲವರ ಕೆಲಸ.

ಅಡಿಕೆ ಸುಲಿಯುವ ಕೆಲಸ ಮುಗಿದ ಮೇಲೊಮ್ಮೆ, ಮಳೆ ಹಿಡಿಯುವ ಮೊದಲೊಮ್ಮೆ ಯಂತ್ರದ ಧೂಳನ್ನು ತೆಗೆಯುವುದು, ಅದನ್ನು ನೆಲದ ಮೇಲಿಡದೆ ಗೋಡೆಯಿಂದ ಒಂದು ಗೇಣು ದೂರದಲ್ಲಿ ಮಣೆಯ ಮೇಲಿಡುವುದು ಒಳ್ಳೆಯ ಅಭ್ಯಾಸ. ತೋಟಕ್ಕೆ ನೀರೆತ್ತುವ ಪಂಪಿನ ಸದ್ದು ಬದಲಾದೊಡನೆ ನಮ್ಮ ಕೃಷಿಕರು ಎದ್ದು ಹೋಗಿ ನೋಡುತ್ತಾರೆ. ಮೇಜಿನ ಕೆಳಗಿನ ಯಂತ್ರದ ವಿಷಯದಲ್ಲಿಯೂ ನಾವು ಅಷ್ಟೇ ಎಚ್ಚರದಿಂದಿದ್ದರೆ, ಮಳೆಗಾಲವೆಲ್ಲ ಹೆಂಚಿನ ಮೇಲಿನ ಸದ್ದನ್ನು ಮಾತ್ರ ಕೇಳುತ್ತ ನೆಮ್ಮದಿಯಿಂದ ಓದಬಹುದು.